ಮನೆಯಲ್ಲೇ ಅಷ್ಟಾಂಗ: ನಾಳೆಯೂ ಮಾಡಲು ಆಗುವಷ್ಟೇ ಇವತ್ತು

ಲಂಡನ್ನಿನಲ್ಲೋ ಟೋಕಿಯೋದಲ್ಲೋ ಇರುವ ಅಷ್ಟಾಂಗ ಯೋಗಶಾಲೆಯ ವೇಳಾಪಟ್ಟಿ ನೋಡಿದರೆ ಅದರಲ್ಲಿ 'ಮೈಸೂರು' ಅಂತ ಒಂದು ತರಗತಿ ಇರುತ್ತದೆ. ಅದರ ಮುಂದೆ ಬೆಳಗಿನ ಎರಡು ಮೂರು ಗಂಟೆಯ ಅವಧಿ ಬರೆದಿರುತ್ತಾರೆ. ಆ ಅವಧಿಯಲ್ಲಿ ಯಾವಾಗ ಬೇಕಾದರೂ ಬರಬಹುದು. ಬಂದವರು ಮ್ಯಾಟ್ ಹಾಸಿ ತಮ್ಮ ಪಾಡಿಗೆ ತಾವು ಶುರು ಮಾಡುತ್ತಾರೆ. ಒಬ್ಬರು ಸೂರ್ಯನಮಸ್ಕಾರದಲ್ಲಿದ್ದರೆ ಪಕ್ಕದವರು ಶೀರ್ಷಾಸನದಲ್ಲಿ, ಅದರಾಚೆಯವರು ಮಲಗಿ ವಿಶ್ರಾಂತಿಯಲ್ಲಿ. ಮುಂದೆ ನಿಂತು 'ಕೈ ಎತ್ತಿ, ಕೈ ಇಳಿಸಿ' ಅನ್ನುವವರು ಯಾರೂ ಇಲ್ಲ. ಗುರುಗಳು ಓಡಾಡುತ್ತಾ ಒಬ್ಬರಿಗೆ ಒಂದು ಮಾತು ಹೇಳುತ್ತಾರೆ, ಇನ್ನೊಬ್ಬರಿಗೆ ಕೈ ಕೊಡುತ್ತಾರೆ, ಮುಂದೆ ಹೋಗುತ್ತಾರೆ. ಕೋಣೆಯಲ್ಲಿ ಹೆಚ್ಚಾಗಿ ಕೇಳುವುದು ಉಸಿರಿನ ಸದ್ದು.

ಇದನ್ನು ಮೊದಲೇ ಹೇಳಲು ಕಾರಣವಿದೆ. ಅಷ್ಟಾಂಗ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಮೊಬೈಲಿನಲ್ಲಿ ನೋಡಿದ ಚಿತ್ರ: ಕೈಮೇಲೆ ನಿಂತವರು, ಕಾಲನ್ನು ಕುತ್ತಿಗೆಯ ಹಿಂದೆ ಹಾಕಿಕೊಂಡವರು. ಅದನ್ನು ನೋಡಿ 'ಇದು ನಮ್ಮಂಥವರಿಗಲ್ಲಪ್ಪ' ಅಂತ ಮುಂದಕ್ಕೆ ತಳ್ಳಿಬಿಡುತ್ತೇವೆ. ಆದರೆ ಈ ಪದ್ಧತಿಯ ಒಳಗಿನ ಏರ್ಪಾಡು ನೋಡಿದರೆ, ಒಬ್ಬ ಸಾಮಾನ್ಯ ಮನುಷ್ಯ ಯಾರ ಸಹಾಯವೂ ಇಲ್ಲದೆ ಪ್ರತಿದಿನ ಮಾಡಿಕೊಂಡು ಹೋಗಲು ಇಷ್ಟು ಅನುಕೂಲವಾದ ಕ್ರಮ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ. ಕಷ್ಟ ಇರುವುದು ಆಸನಗಳಲ್ಲಿ ಅಷ್ಟಲ್ಲ, ಅಳತೆಯಲ್ಲಿ. ಇವತ್ತು ಎಷ್ಟು ಮಾಡಿದರೆ ನಾಳೆಯೂ ಮಾಡಲು ಆಗುತ್ತದೆ ಅನ್ನುವುದು ತಿಳಿದರೆ ಅಭ್ಯಾಸ ಉಳಿಯುತ್ತದೆ.

ಎಲ್ಲಿಂದ ಬಂತು ಈ ಕ್ರಮ

ಹೆಸರಿನ ಗೊಂದಲ ಮೊದಲು ಮುಗಿಸೋಣ. ಪತಂಜಲಿ ಹೇಳುವ ಅಷ್ಟಾಂಗ ಎಂದರೆ ಯಮ, ನಿಯಮದಿಂದ ಸಮಾಧಿಯವರೆಗಿನ ಎಂಟು ಅಂಗಗಳು. ಅದರಲ್ಲಿ ಆಸನ ಮೂರನೆಯದು ಮಾತ್ರ. ನಾವು ಇಲ್ಲಿ ಮಾತಾಡುತ್ತಿರುವ ಅಷ್ಟಾಂಗ ವಿನ್ಯಾಸ ಯೋಗ, ಆ ಮೂರನೇ ಬಾಗಿಲಿನಿಂದ ಒಳಗೆ ಹೋಗುವ ಒಂದು ಪದ್ಧತಿ. ಹುಟ್ಟಿದ್ದು, ಬೆಳೆದದ್ದು ಮೈಸೂರಿನಲ್ಲಿ.

ಚಿತ್ರದುರ್ಗ ಜಿಲ್ಲೆಯ ಮುಚುಕುಂಟೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆ ನಡೆಸುತ್ತಿದ್ದರು. 1934ರಲ್ಲಿ ಅವರು ಬರೆದ 'ಯೋಗ ಮಕರಂದ' ಕನ್ನಡದ ಪುಸ್ತಕ. ಹಾಸನದ ಹತ್ತಿರದ ಕೌಶಿಕ ಗ್ರಾಮದ ಪಟ್ಟಾಭಿ ಜೋಯಿಸರು ಇನ್ನೂ ಹುಡುಗರಾಗಿದ್ದಾಗ, 1927ರಲ್ಲಿ, ಹಾಸನದಲ್ಲಿ ಕೃಷ್ಣಮಾಚಾರ್ಯರ ಪ್ರದರ್ಶನ ನೋಡಿ ಅವರ ಶಿಷ್ಯರಾದರು. ಮುಂದೆ ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ 1937ರಿಂದ 1973ರವರೆಗೆ ಯೋಗ ಕಲಿಸಿದರು. 1948ರಲ್ಲಿ ಲಕ್ಷ್ಮೀಪುರಂನಲ್ಲಿ ತಮ್ಮದೇ ಸಂಸ್ಥೆ ತೆರೆದರು. ಅಲ್ಲಿಯ ಕೋಣೆ ಚಿಕ್ಕದು. ಹನ್ನೆರಡು ಜನ ಮ್ಯಾಟ್ ಹಾಸಿದರೆ ತುಂಬಿಹೋಗುತ್ತಿತ್ತು. ಉಳಿದವರು ಹೊರಗೆ ಕಾಯಬೇಕು. ಒಳಗಿನಿಂದ 'ಒನ್ ಮೋರ್' ಅಂತ ಕೂಗು ಬಂದರೆ ಒಬ್ಬರು ಒಳಗೆ. 1964ರಲ್ಲಿ ಬೆಲ್ಜಿಯಂನ ಆಂಡ್ರೆ ವಾನ್ ಲಿಸೆಬೆತ್ ಬಂದು ಕಲಿತು ಹೋದ ಮೇಲೆ ವಿದೇಶಿಯರ ದಾರಿ ತೆರೆಯಿತು. 2002ರಲ್ಲಿ ಶಾಲೆ ಮೈಸೂರಿನದೇ ಗೋಕುಲಂ ಬಡಾವಣೆಗೆ ಬಂತು. ಅಭ್ಯಾಸ ಮುಗಿಸಿ ಬೆವರು ಸುರಿಸುತ್ತಾ ಎಳನೀರಿನ ಗಾಡಿಯ ಸುತ್ತ ನಿಲ್ಲುವ ವಿದೇಶಿಯರು ಗೋಕುಲಂ ನಿವಾಸಿಗಳಿಗೆ ದಿನನಿತ್ಯದ ನೋಟವಾದರು. ಪಟ್ಟಾಭಿ ಜೋಯಿಸರು 2009ರಲ್ಲಿ ತೀರಿಕೊಂಡರು. ಅವರ ನಂತರ ಮುಂದುವರಿಸಿದ ಮೊಮ್ಮಗ ಶರತ್ ಜೋಯಿಸ್ 2024ರ ನವೆಂಬರಿನಲ್ಲಿ ತೀರಿಕೊಂಡರು.

ಈ ಚರಿತ್ರೆಯಲ್ಲಿ ಒಂದು ಅಂಶ ನಮಗೆ ಕೆಲಸಕ್ಕೆ ಬರುತ್ತದೆ. ಅರಮನೆಯ ಯೋಗಶಾಲೆಯಲ್ಲಿ ಕಲಿಯುತ್ತಿದ್ದವರು ಹೆಚ್ಚಾಗಿ ಹುಡುಗರು. ಹಾರುವುದು, ಬಾಗುವುದು, ಮೈ ಬಿಸಿ ಮಾಡುವುದು ಈ ಕ್ರಮದಲ್ಲಿ ಜಾಸ್ತಿ ಇರುವುದಕ್ಕೆ ಅದೂ ಒಂದು ಕಾರಣ. ನಲವತ್ತೈದು ದಾಟಿ, ದಿನಕ್ಕೆ ಎಂಟು ಗಂಟೆ ಕುರ್ಚಿಯಲ್ಲಿ ಕೂರುವವರು ಅದನ್ನು ಹಾಗೇ ತೆಗೆದುಕೊಂಡರೆ ಮೈ ಪ್ರತಿಭಟಿಸುತ್ತದೆ, ಅಲ್ವಾ? ಕ್ರಮವನ್ನು ಇಟ್ಟುಕೊಂಡು ಅಳತೆಯನ್ನು ನಮಗೆ ತಕ್ಕಂತೆ ಮಾಡಿಕೊಳ್ಳಬೇಕು.

ಪ್ರತಿದಿನ ಅದೇ, ಯಾಕೆ?

ಒಟ್ಟು ಆರು ಶ್ರೇಣಿಗಳಿವೆ. ಮೊದಲನೆಯದನ್ನು ಯೋಗ ಚಿಕಿತ್ಸಾ ಅನ್ನುತ್ತಾರೆ, ಎರಡನೆಯದನ್ನು ನಾಡಿ ಶೋಧನ. ಮೂರರಿಂದ ಆರರವರೆಗಿನವು ಸ್ಥಿರಭಾಗ. ನಮ್ಮ ಮಾತೆಲ್ಲ ಮೊದಲನೆಯದರ ಬಗ್ಗೆ. ಜೀವನಪೂರ್ತಿ ಅದರಲ್ಲೇ ಇರುವವರು ಬಹಳ ಜನ, ಅದರಲ್ಲಿ ಏನೂ ಕೊರತೆ ಇಲ್ಲ.

ಮೊದಲ ಶ್ರೇಣಿ ಪೂರ್ತಿ ಮಾಡಲು ಸುಮಾರು ಒಂದೂವರೆ ಗಂಟೆ ಬೇಕು. ಸೂರ್ಯನಮಸ್ಕಾರ ಎರಡು ಬಗೆ, ಆಮೇಲೆ ನಿಂತು ಮಾಡುವ ಆಸನಗಳು, ಆಮೇಲೆ ಕೂತು ಮಾಡುವವು, ಕೊನೆಗೆ ಸರ್ವಾಂಗಾಸನ, ಶೀರ್ಷಾಸನ, ಪದ್ಮಾಸನ ಇರುವ ಮುಕ್ತಾಯದ ಭಾಗ, ವಿಶ್ರಾಂತಿ. ಈ ಅನುಕ್ರಮ ಬದಲಾಗುವುದಿಲ್ಲ. ಸೋಮವಾರವೂ ಅದೇ, ಗುರುವಾರವೂ ಅದೇ. ಸಂಗೀತ ಕಲಿಯುವವರು ಸರಳೆ ವರಸೆ, ಜಂಟಿ ವರಸೆ ಹಾಡುವ ಹಾಗೆ. ವಿದ್ವಾಂಸರಾದ ಮೇಲೂ ಬೆಳಿಗ್ಗೆ ಅದನ್ನೇ ಹಾಡಿಕೊಳ್ಳುವವರಿದ್ದಾರೆ.

'ಬೇಜಾರಾಗಲ್ವಾ?' ಅಂತ ಎಲ್ಲರೂ ಕೇಳುತ್ತಾರೆ. ಆಗುತ್ತದೆ, ಕೆಲವು ದಿನ. ಆದರೆ ಲಾಭ ನೋಡಿ. ಬೆಳಿಗ್ಗೆ ಐದೂವರೆಗೆ ಎದ್ದ ತಲೆಗೆ 'ಇವತ್ತು ಏನು ಮಾಡಲಿ' ಅನ್ನುವ ಪ್ರಶ್ನೆಯೇ ದೊಡ್ಡ ಅಡ್ಡಿ. ಇಲ್ಲಿ ಆ ಪ್ರಶ್ನೆ ಇಲ್ಲ. ಮ್ಯಾಟಿನ ಮುಂದೆ ನಿಂತರೆ ಮುಂದಿನದು ತಾನಾಗಿ ಬರುತ್ತದೆ. ಎರಡನೆಯ ಲಾಭ ಇನ್ನೂ ಮುಖ್ಯ. ಆಸನ ಬದಲಾಗದಿದ್ದರೆ ಬದಲಾಗಿರುವುದು ನಾವು ಅಂತ ತಿಳಿಯುತ್ತದೆ. ನಿನ್ನೆ ಕೈಗೆ ಸಿಕ್ಕ ಕಾಲ್ಬೆರಳು ಇವತ್ತು ಸಿಗಲಿಲ್ಲ ಅಂದರೆ ರಾತ್ರಿ ತಡವಾಗಿ ಉಂಡದ್ದೋ, ನಿದ್ದೆ ಕೆಟ್ಟದ್ದೋ, ಬಸ್ಸಿನಲ್ಲಿ ಕೂತು ಬಂದದ್ದೋ ಕಾರಣ. ದಿನಕ್ಕೊಂದು ಹೊಸ ವಿಡಿಯೊ ನೋಡಿ ಮಾಡುವವರಿಗೆ ಈ ಲೆಕ್ಕ ಸಿಗುವುದೇ ಇಲ್ಲ.

ಹೊಸಬರಿಗೆ ಒಂದೂವರೆ ಗಂಟೆಯ ಕ್ರಮ ಮೊದಲ ದಿನವೇ ಕಲಿಸುವುದಿಲ್ಲ. ಮೈಸೂರು ರೀತಿಯಲ್ಲಿ ಮೊದಲು ಕೊಡುವುದು ಸೂರ್ಯನಮಸ್ಕಾರ ಮಾತ್ರ. ಅದು ಬಾಯಿಪಾಠ ಆದ ಮೇಲೆ ಒಂದೊಂದೇ ಆಸನ ಸೇರಿಸುತ್ತಾರೆ. ಎಲ್ಲಿಯವರೆಗೆ ಕಲಿತಿದ್ದೀರೋ ಅಲ್ಲಿ ನಿಲ್ಲಿಸಿ, ಅಲ್ಲಿಂದ ನೇರವಾಗಿ ಮುಕ್ತಾಯದ ಭಾಗಕ್ಕೆ ಹೋಗಿ, ಮಲಗಿ, ಮುಗಿಸುವುದು. ಹಾಗಾಗಿ ಮೊದಲ ವಾರದ ಇಪ್ಪತ್ತು ನಿಮಿಷವೂ ಪೂರ್ತಿ ಅಭ್ಯಾಸವೇ. ಅರ್ಧ ಮಾಡಿ ಬಿಟ್ಟದ್ದಲ್ಲ.

ಎಣಿಕೆ ಮತ್ತು ಉಸಿರು

ಮನೆಯಲ್ಲಿ ಶುರು ಮಾಡುವವರು ಮೊದಲು ಗಟ್ಟಿ ಮಾಡಿಕೊಳ್ಳಬೇಕಾದ್ದು ಮೊದಲ ಸೂರ್ಯನಮಸ್ಕಾರದ ಒಂಬತ್ತು ಎಣಿಕೆಗಳನ್ನು. ಎಣಿಸುವುದು ಸಂಸ್ಕೃತದಲ್ಲಿ.

ಸಮಸ್ಥಿತಿಯಲ್ಲಿ ನೇರ ನಿಲ್ಲಿ. ಏಕಂ: ಉಸಿರು ತೆಗೆದುಕೊಳ್ಳುತ್ತಾ ಕೈ ಮೇಲೆ, ನೋಟ ಹೆಬ್ಬೆರಳಿನ ಕಡೆ. ದ್ವೇ: ಉಸಿರು ಬಿಡುತ್ತಾ ಮುಂದಕ್ಕೆ ಬಾಗಿ. ತ್ರೀಣಿ: ತೆಗೆದುಕೊಳ್ಳುತ್ತಾ ತಲೆ ಎತ್ತಿ, ಬೆನ್ನು ನೀಳ. ಚತ್ವಾರಿ: ಬಿಡುತ್ತಾ ಕಾಲು ಹಿಂದಕ್ಕೆ, ಮೈ ನೆಲಕ್ಕೆ ಸಮಾನಾಂತರವಾಗಿ ಇಳಿಸಿ. ಪಂಚ: ತೆಗೆದುಕೊಳ್ಳುತ್ತಾ ಎದೆ ಮುಂದಕ್ಕೆ, ಮೇಲಕ್ಕೆ. ಷಟ್: ಬಿಡುತ್ತಾ ಸೊಂಟ ಮೇಲೆತ್ತಿ, ಹಿಮ್ಮಡಿ ನೆಲದ ಕಡೆ. ಇಲ್ಲಿ ಐದು ಉಸಿರು ನಿಲ್ಲುವುದು. ಸಪ್ತ: ತೆಗೆದುಕೊಳ್ಳುತ್ತಾ ಕಾಲು ಮುಂದಕ್ಕೆ, ತಲೆ ಎತ್ತಿ. ಅಷ್ಟೌ: ಬಿಡುತ್ತಾ ಬಾಗಿ. ನವ: ತೆಗೆದುಕೊಳ್ಳುತ್ತಾ ಕೈ ಎತ್ತಿ ಮೇಲೆ ಬನ್ನಿ. ಬಿಟ್ಟು ಮತ್ತೆ ಸಮಸ್ಥಿತಿ.

ಎರಡನೇ ಬಗೆಯದರಲ್ಲಿ ಹದಿನೇಳು ಎಣಿಕೆ. ಉತ್ಕಟಾಸನ, ವೀರಭದ್ರಾಸನ ಅದರೊಳಗೆ ಸೇರಿಕೊಳ್ಳುತ್ತವೆ. ರೂಢಿಯಲ್ಲಿ ಎರಡನ್ನೂ ಐದೈದು ಸಲ ಮಾಡುತ್ತಾರೆ. ಮುಂದೆ ಬರುವ ಆಸನಗಳಲ್ಲೂ ಹೆಚ್ಚಿನವಕ್ಕೆ ಐದು ಉಸಿರು. ಒಂದರಿಂದ ಇನ್ನೊಂದಕ್ಕೆ ಹೋಗುವ ನಡೆಗೂ ಉಸಿರಿನ ಎಣಿಕೆ ಇದೆ. ಆ ಜೋಡಣೆಯೇ ವಿನ್ಯಾಸ.

ಈ ಪದ್ಧತಿಯ ಗಟ್ಟಿತನ ಇರುವುದು ಉಸಿರಿನಲ್ಲಿ. ಬಾಯಿ ಮುಚ್ಚಿ, ಮೂಗಿನಿಂದಲೇ ತೆಗೆದುಕೊಂಡು ಬಿಡುವುದು. ಎರಡೂ ಒಂದೇ ಉದ್ದ. ಗಂಟಲಿನಲ್ಲಿ ಮೆಲ್ಲಗೆ ಸದ್ದು ಬರುತ್ತದೆ. ಇದನ್ನು ಬಹಳ ಜನ ಉಜ್ಜಾಯಿ ಅನ್ನುತ್ತಾರೆ. ಉಜ್ಜಾಯಿ ಬೇರೆಯೇ ಒಂದು ಪ್ರಾಣಾಯಾಮ, ಇದು ಸದ್ದಿರುವ ಸರಾಗ ಉಸಿರು ಅಷ್ಟೇ ಅಂತ ಶರತ್ ತಿದ್ದುತ್ತಿದ್ದರು. ಪಕ್ಕದ ಮನೆಗೆ ಕೇಳುವಷ್ಟು ಜೋರಾಗಿ ಉಸಿರಾಡುವ ಅಗತ್ಯ ಇಲ್ಲ ಅನ್ನುವುದು ನಮಗೆ ಬೇಕಾದ ಪಾಠ.

ಉಸಿರಿಗೆ ಜೊತೆಯಾಗಿ ಇನ್ನೆರಡು. ಪ್ರತಿ ಆಸನಕ್ಕೂ ದೃಷ್ಟಿ ಇಡುವ ಜಾಗ ಗೊತ್ತುಮಾಡಿದ್ದಾರೆ: ಮೂಗಿನ ತುದಿ, ಹೊಕ್ಕುಳು, ಕೈ, ಕಾಲ್ಬೆರಳು, ಹೀಗೆ. ಇದರ ಉಪಯೋಗ ಮನೆಯಲ್ಲೇ ಜಾಸ್ತಿ. ಕಣ್ಣು ಅಲೆದಾಡಿದರೆ ಸೋಫಾದ ಕೆಳಗಿನ ಧೂಳು ಕಾಣುತ್ತದೆ, ಕೈ ಪೊರಕೆ ಹುಡುಕುತ್ತದೆ. ಇನ್ನೊಂದು ಬಂಧ, ಅಂದರೆ ಒಳಗಿನ ಸ್ನಾಯುಗಳನ್ನು ಮೆಲ್ಲಗೆ ಬಿಗಿಹಿಡಿಯುವುದು. ಮೂಲಬಂಧ, ಉಡ್ಡೀಯಾನಬಂಧ ಅಂದರೆ ಭಾರಿ ರಹಸ್ಯ ಅನ್ನಿಸುತ್ತದೆ. ಶುರುವಿನಲ್ಲಿ ಇಷ್ಟು ಸಾಕು: ಗುದದ ಸುತ್ತಿನ ಭಾಗವನ್ನು ಮೆಲ್ಲಗೆ ಒಳಕ್ಕೆ ಎತ್ತಿದ ಹಾಗೆ ಇಟ್ಟುಕೊಳ್ಳುವುದು, ಹೊಕ್ಕುಳಿನ ಕೆಳಗಿನ ಹೊಟ್ಟೆಯನ್ನು ಸಡಿಲ ಬಿಡದಿರುವುದು. ಉಳಿದದ್ದು ವರ್ಷಗಳ ಮೇಲೆ ಅರಿವಾಗುತ್ತದೆ.

ಅಳತೆ ಸರಿಯಾಗಿದೆಯೋ ಇಲ್ಲವೋ ಅಂತ ಹೇಳುವುದೂ ಉಸಿರೇ. ಬಾಯಿ ತೆರೆಯಿತು, ಉಸಿರು ಚಿಕ್ಕದಾಯಿತು, ನಡುವೆ ಕಟ್ಟಿತು ಅಂದರೆ ನೀವು ಇವತ್ತಿನ ಗೆರೆ ದಾಟಿದ್ದೀರಿ. ಹಿಂದಕ್ಕೆ ಬನ್ನಿ. ಐದು ಉಸಿರು ನೆಮ್ಮದಿಯಾಗಿ ನಿಲ್ಲಲು ಆಗದ ಆಸನ ಇನ್ನೂ ನಿಮ್ಮದಾಗಿಲ್ಲ.

ಎಷ್ಟು, ಯಾವಾಗ

ವಾರಕ್ಕೆ ಆರು ದಿನ ಅನ್ನುವುದು ಸಂಪ್ರದಾಯ. ಶನಿವಾರ ರಜೆ. ಅಮಾವಾಸ್ಯೆ, ಹುಣ್ಣಿಮೆಗೂ ರಜೆ. ಇದಕ್ಕೆ ಚಂದ್ರನ ಸೆಳೆತದ ವಿವರಣೆ ಕೊಡುವವರಿದ್ದಾರೆ. ನನಗೆ ಹೆಚ್ಚು ಒಪ್ಪಿಗೆಯಾಗುವುದು ಸರಳ ಕಾರಣ: ಸಂಸ್ಕೃತ ಪಾಠಶಾಲೆಗಳಲ್ಲಿ ಅವು ಮೊದಲಿನಿಂದಲೂ ಪಾಠ ಇಲ್ಲದ ದಿನಗಳು, ಜೋಯಿಸರು ಅಲ್ಲೇ ಓದಿ ಅಲ್ಲೇ ಕಲಿಸಿದವರು. ಕಾರಣ ಏನೇ ಇರಲಿ, ರಜೆ ಕ್ರಮದೊಳಗೇ ಇದೆ ಅನ್ನುವುದು ಒಳ್ಳೆಯದು. ಮುಟ್ಟಿನ ಮೊದಲ ಮೂರು ದಿನ ಹೆಣ್ಣುಮಕ್ಕಳಿಗೆ ಬಿಡುವು ಕೊಡುವುದೂ ರೂಢಿ. ಈಗ ಮಾಡುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಅವರವರ ಮೈ ಅವರವರಿಗೆ ಗೊತ್ತು.

ಆರು ದಿನ ಅಂದಾಗ ಆರು ದಿನವೂ ಒಂದೂವರೆ ಗಂಟೆ ಅಂತ ತಿಳಿದರೆ ಎರಡೇ ವಾರದಲ್ಲಿ ಕೈಬಿಡುತ್ತೀರಿ. ಬೆಳಗಿನ ಮನೆ ಹೇಗಿರುತ್ತದೆ ಅಂತ ಗೊತ್ತಲ್ಲ. ಹಾಲಿನವನು, ಮಕ್ಕಳ ಡಬ್ಬಿ, ನೀರು ಬಿಡುವ ಹೊತ್ತು. ಅದರಲ್ಲೂ ಅಡುಗೆಮನೆ ಯಾರ ಪಾಲಿಗಿದೆಯೋ ಅವರಿಗೆ ಬೆಳಗಿನ ಒಂದೂವರೆ ಗಂಟೆ ಅನ್ನುವುದು ಕನಸಿನ ಮಾತು. ಅದಕ್ಕೆ ಈ ಪದ್ಧತಿಯಲ್ಲೇ ಒಂದು ಕನಿಷ್ಠ ಅಳತೆ ಇದೆ: ಸೂರ್ಯನಮಸ್ಕಾರಗಳು, ಕೊನೆಯ ಮೂರು ಕೂತ ಆಸನಗಳು, ವಿಶ್ರಾಂತಿ. ಆ ಮೂರು ಅಂದರೆ ಬದ್ಧಪದ್ಮಾಸನದಲ್ಲಿ ಮುಂದಕ್ಕೆ ಬಾಗುವ ಯೋಗಮುದ್ರೆ, ಪದ್ಮಾಸನ, ಕೈ ಒತ್ತಿ ಮೈ ಎತ್ತುವ ಉತ್ಪ್ಲುತಿ. ಪದ್ಮಾಸನ ಬರದವರು ಚಕ್ಕಳಮಕ್ಕಳ ಹಾಕಿ ಕೂರಬಹುದು. ಎರಡೂ ಬಗೆಯ ನಮಸ್ಕಾರ ಮೂರು ಮೂರು ಮಾಡಿದರೂ ಇಪ್ಪತ್ತು ನಿಮಿಷದೊಳಗೆ ಮುಗಿಯುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಮೂರು ತಿಂಗಳು ಈ ಕನಿಷ್ಠವನ್ನೇ ನಿಮ್ಮ ಅಭ್ಯಾಸ ಅಂತ ಇಟ್ಟುಕೊಳ್ಳಿ. ಸಮಯ ಉಳಿದ ದಿನ ನಿಂತ ಆಸನಗಳನ್ನು ಸೇರಿಸಿ: ಪಾದಾಂಗುಷ್ಠಾಸನ, ತ್ರಿಕೋನಾಸನ, ಪಾರ್ಶ್ವಕೋನಾಸನ, ಪ್ರಸಾರಿತ ಪಾದೋತ್ತಾನಾಸನ. ಭಾನುವಾರ ಮನೆ ಸ್ವಲ್ಪ ತಡವಾಗಿ ಏಳುತ್ತದೆ, ಅವತ್ತು ಉದ್ದ ಮಾಡಿ. ಕನಿಷ್ಠ ಯಾವತ್ತೂ ಒಂದೇ, ಗರಿಷ್ಠ ದಿನದಿನಕ್ಕೆ ಬೇರೆ.

ಹೊಟ್ಟೆ ಖಾಲಿ ಇರಬೇಕು. ಇದು ಶಾಸ್ತ್ರ ಅನ್ನುವುದಕ್ಕಿಂತ ಅನುಕೂಲ. ರಾತ್ರಿ ಹತ್ತಕ್ಕೆ ಮುದ್ದೆ ಸಾರು ಉಂಡವರು ಬೆಳಿಗ್ಗೆ ಐದಕ್ಕೆ ಪಶ್ಚಿಮೋತ್ತಾನಾಸನದಲ್ಲಿ ಬಾಗಿದರೆ ಗೊತ್ತಾಗುತ್ತದೆ. ಬೆಳಗಿನ ಅಭ್ಯಾಸ ರಾತ್ರಿ ಊಟದ ಹೊತ್ತಿನಿಂದಲೇ ಶುರು. ಒಂದು ಲೋಟ ಫಿಲ್ಟರ್ ಕಾಫಿ ಕುಡಿದು ಶುರು ಮಾಡಲು ಅಡ್ಡಿ ಇಲ್ಲ. ಕಾಫಿ ಇಲ್ಲದೆ ಪ್ರಾಣವಿಲ್ಲ ಅಂತ ಶರತ್ ತಮಾಷೆ ಮಾಡುತ್ತಿದ್ದುದು ಗೋಕುಲಂನಲ್ಲಿ ಪ್ರಸಿದ್ಧ. ಸಂಜೆ ಮಾತ್ರ ಸಮಯ ಸಿಗುವವರು ಸಂಜೆಯೇ ಮಾಡಿ. ಮೈ ಆಗ ಸಡಿಲವಾಗಿರುತ್ತದೆ, ಆದರೆ ದಿನದ ದಣಿವು ಇರುತ್ತದೆ, ಮಧ್ಯಾಹ್ನದ ಊಟವಾಗಿ ನಾಲ್ಕು ಗಂಟೆಯಾದರೂ ಕಳೆದಿರಲಿ.

ಸಾಮಾನು ಜಾಸ್ತಿ ಬೇಡ. ಜಾರದ ಮ್ಯಾಟ್ ಒಂದು. ಬೆವರು ಜಾಸ್ತಿ ಬರುವವರು ಅದರ ಮೇಲೆ ಹತ್ತಿಯ ಚಿಕ್ಕ ಜಮಖಾನ ಹಾಸುತ್ತಾರೆ. ಆಸನಗಳ ಕ್ರಮ ಬರೆದ ಒಂದು ಹಾಳೆಯನ್ನು ಗೋಡೆಗೆ ಅಂಟಿಸಿ. ಫೋನ್ ಇನ್ನೊಂದು ಕೋಣೆಯಲ್ಲಿರಲಿ. ವಿಡಿಯೊ ಹಾಕಿಕೊಂಡು ಮಾಡುವುದು ಕಲಿಯುವಾಗ ಸರಿ, ಆದರೆ ಅದು ಅವರ ಉಸಿರಿನ ವೇಗ, ನಿಮ್ಮದಲ್ಲ.

ಮಂಡಿ, ಭುಜ, ತೊಡೆಯ ಹಿಂಭಾಗ

ಅಭ್ಯಾಸ ನಿಂತುಹೋಗುವುದಕ್ಕೆ ಸೋಮಾರಿತನವಷ್ಟೇ ಕಾರಣ ಅಂದುಕೊಳ್ಳುತ್ತೇವೆ. ನೋವೂ ಅಷ್ಟೇ ದೊಡ್ಡ ಕಾರಣ. ಮೊದಲ ಶ್ರೇಣಿಯಲ್ಲಿ ಪೆಟ್ಟು ಬೀಳುವ ಜಾಗಗಳು ಹೆಚ್ಚುಕಡಿಮೆ ಇವೇ, ಅದಕ್ಕೆ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಂಡಿ ಮುಖ್ಯವಾಗಿ ಮಡಚುವುದಕ್ಕೆ, ಚಾಚುವುದಕ್ಕೆ ಇರುವ ಕೀಲು. ಎಲ್ಲ ಕಡೆ ತಿರುಗುವುದು ಸೊಂಟದ ಕೀಲು. ಪದ್ಮಾಸನಕ್ಕೆ ಬೇಕಾದ ತಿರುವು ತೊಡೆಯ ಮೂಳೆ ಸೊಂಟದಲ್ಲಿ ಹೊರಕ್ಕೆ ತಿರುಗುವುದರಿಂದ ಬರಬೇಕು. ಸೊಂಟ ತಿರುಗದಿದ್ದರೂ ನಾವು ಪಾದವನ್ನು ಎಳೆದು ತೊಡೆಯ ಮೇಲೆ ಇಟ್ಟರೆ, ಆ ತಿರುವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಮಂಡಿಯೊಳಗಿನ ಮೆತ್ತೆಯಂಥ ಮೃದ್ವಸ್ಥಿ ನಡುವೆ ಸಿಕ್ಕಿಕೊಳ್ಳುತ್ತದೆ. ಅದು ಹರಿದರೆ ಸುಲಭಕ್ಕೆ ಕೂಡುವುದಿಲ್ಲ.

ಕ್ರಮವಾಗಿ ಮಾಡುವ ರೀತಿ ಹೀಗೆ. ಕೂತು ಬಲಗಾಲನ್ನು ಮೊದಲು ಪೂರ್ತಿ ಮಡಚಿ, ಹಿಮ್ಮಡಿ ತೊಡೆಯ ಬುಡಕ್ಕೆ ತಾಗುವಷ್ಟು. ಮಂಡಿ ಮುಚ್ಚಿದ ಹಾಗೇ ಇರಲಿ. ಆಮೇಲೆ ಮಂಡಿಯನ್ನು ಪಕ್ಕಕ್ಕೆ ಬಿಡಿ, ತಿರುವು ಸೊಂಟದಲ್ಲಿ ಆಗುತ್ತಿದೆಯಾ ನೋಡಿ. ಕೊನೆಗೆ ಮೊಣಕಾಲ ಕೆಳಭಾಗವನ್ನು ತೊಡೆಯ ಜೊತೆ ಒಂದೇ ತುಂಡಿನಂತೆ ಎತ್ತಿ ಎಡ ತೊಡೆಯ ಬುಡಕ್ಕೆ ತನ್ನಿ. ಮಂಡಿಯ ಒಳಭಾಗದಲ್ಲಿ ಚುಚ್ಚಿದರೆ ಅಲ್ಲೇ ನಿಲ್ಲಿಸಿ. ಪಾದವನ್ನು ಮೇಲೆ ಇಡುವ ಬದಲು ಎಡ ತೊಡೆಯ ಪಕ್ಕ ನೆಲದ ಮೇಲೆ ಇಡಿ. ಒಂದು ಕಾಲನ್ನು ಮಾತ್ರ ಪದ್ಮದಲ್ಲಿಟ್ಟು ಮುಂದೆ ಬಾಗುವ ಅರ್ಧಬದ್ಧ ಪದ್ಮ ಪಶ್ಚಿಮೋತ್ತಾನಾಸನದಲ್ಲೂ ಹೀಗೇ ಮಾಡಿಕೊಳ್ಳಬಹುದು. ಕೆಲವರ ಸೊಂಟದ ಮೂಳೆಯ ರಚನೆಯೇ ಪದ್ಮಾಸನಕ್ಕೆ ಒಪ್ಪುವುದಿಲ್ಲ. ಎಷ್ಟು ವರ್ಷ ಮಾಡಿದರೂ ಬರುವುದಿಲ್ಲ. ಅದು ಅವರ ಶ್ರದ್ಧೆಯ ಕೊರತೆ ಅಲ್ಲ. ನಮ್ಮ ಹಿರಿಯರಿಗೆ ನೆಲದ ಮೇಲೆ ಕೂತು ಉಣ್ಣುವ, ಕುಕ್ಕರುಗಾಲಲ್ಲಿ ಕೂರುವ ರೂಢಿ ಇತ್ತು. ಡೈನಿಂಗ್ ಟೇಬಲ್ಲು, ಕಮೋಡು ಬಂದ ಮೇಲೆ ಬೆಳೆದವರು ಅದನ್ನು ಮೊದಲಿನಿಂದ ಗಳಿಸಬೇಕು.

ಭುಜಕ್ಕೆ ತೊಂದರೆ ಬರುವುದು ಚತ್ವಾರಿ ಎಣಿಕೆಯಲ್ಲಿ. ಮೈ ಇಳಿಸುವಾಗ ಭುಜ ಮೊಣಕೈಗಿಂತ ಕೆಳಗೆ ಹೋಗಬಾರದು, ಮೊಣಕೈ ಪಕ್ಕೆಗೆ ಹತ್ತಿರ ಇರಬೇಕು. ಪೂರ್ತಿ ಶ್ರೇಣಿಯಲ್ಲಿ ಈ ಇಳಿತ ಹತ್ತಾರು ಸಲ ಬರುವುದರಿಂದ ಚಿಕ್ಕ ತಪ್ಪೂ ದೊಡ್ಡದಾಗುತ್ತದೆ. ಶಕ್ತಿ ಸಾಲದಿದ್ದರೆ ಮಂಡಿ ನೆಲಕ್ಕೆ ಊರಿ ಇಳಿಯಿರಿ. ಕೂತ ಆಸನಗಳ ನಡುವೆ ಕೈ ಊರಿ ಕಾಲನ್ನು ಹಿಂದಕ್ಕೆ ಹಾರಿಸಿ ಮತ್ತೆ ಬಂದು ಕೂರುವ ಹಾರಾಟವನ್ನು ಎರಡೂ ಪಕ್ಕ ಮುಗಿದ ಮೇಲೆ ಒಂದೇ ಸಲ ಮಾಡಿದರೂ ನಡೆಯುತ್ತದೆ.

ಇನ್ನು ತೊಡೆಯ ಹಿಂಭಾಗ. ಮುಂದೆ ಬಾಗುವ ಆಸನಗಳೇ ಈ ಶ್ರೇಣಿಯಲ್ಲಿ ಜಾಸ್ತಿ. ಆ ಸ್ನಾಯು ಕೂರುವ ಮೂಳೆಗೆ ಅಂಟುವ ಜಾಗದಲ್ಲಿ, ಅಂದರೆ ಪೃಷ್ಠದ ಬುಡದಲ್ಲಿ, ಚುಚ್ಚಿದಂತೆ ನೋವು ಬಂದರೆ ಅದನ್ನು ಎಳೆದು ಸರಿಮಾಡಲು ಹೋಗಬೇಡಿ. ಎಳೆದಷ್ಟೂ ವಾಸಿಯಾಗುವುದು ತಡ. ಮಂಡಿ ಸ್ವಲ್ಪ ಮಡಚಿ ಬಾಗಿ, ತಿಂಗಳುಗಟ್ಟಲೆ ತಾಳ್ಮೆ ಬೇಕಾಗಬಹುದು. ಸ್ನಾಯುವಿನ ನಡುಭಾಗದಲ್ಲಿ ಎಳೆದಂತಾಗುವುದು ಬೇರೆ, ಕೀಲಿನಲ್ಲಿ ಅಥವಾ ಸ್ನಾಯುವಿನ ತುದಿಯಲ್ಲಿ ಚುಚ್ಚುವುದು ಬೇರೆ. ಮೊದಲನೆಯದನ್ನು ಸಹಿಸಬಹುದು, ಎರಡನೆಯದಕ್ಕೆ ನಿಲ್ಲಿಸಬೇಕು.

ರಕ್ತದೊತ್ತಡ, ಹೃದಯದ ತೊಂದರೆ, ಗ್ಲಾಕೋಮಾ, ಬೆನ್ನುಹುರಿಯ ಡಿಸ್ಕ್ ಸಮಸ್ಯೆ ಇರುವವರು, ಬಸುರಿಯರು ವೈದ್ಯರನ್ನು ಕೇಳದೆ ಶುರು ಮಾಡಬೇಡಿ. ತಲೆಕೆಳಗಾಗುವ ಆಸನಗಳ ಬಗ್ಗೆಯಂತೂ ಖಂಡಿತ ಕೇಳಿ.

ಮುಂದೆ ಹೋಗದ ಕಾಲ, ಬಿಟ್ಟುಹೋದ ಕಾಲ

ಕೂತ ಆಸನಗಳ ಮಧ್ಯದಲ್ಲಿ ಮರೀಚ್ಯಾಸನ 'ಡಿ' ಅಂತ ಒಂದು ಬರುತ್ತದೆ. ಒಂದು ಕಾಲು ಅರ್ಧಪದ್ಮ, ಇನ್ನೊಂದು ಮಂಡಿ ಮೇಲೆ, ಅದರ ಮೇಲೆ ಮೈ ತಿರುಗಿಸಿ ಬೆನ್ನ ಹಿಂದೆ ಕೈ ಹಿಡಿಯಬೇಕು. ಸೊಂಟ, ಬೆನ್ನು, ಭುಜ ಮೂರೂ ಒಟ್ಟಿಗೆ ಒಪ್ಪಿದರೆ ಮಾತ್ರ ಸಾಧ್ಯ. ಹಾಗಾಗಿ ಬಹಳ ಜನರ ಗಾಡಿ ನಿಲ್ಲುವುದು ಇಲ್ಲೇ. ಕಟ್ಟುನಿಟ್ಟಿನವರು ಇದು ಬರುವವರೆಗೆ ಮುಂದಿನದನ್ನು ಕೊಡುವುದಿಲ್ಲ. ಅವರ ವಾದಕ್ಕೆ ಆಧಾರ ಇದೆ. ಮುಂದೆ ಬರುವ ಭುಜಪೀಡಾಸನ, ಸುಪ್ತಕೂರ್ಮಾಸನ ಇನ್ನೂ ಕಷ್ಟ. ಆದರೆ ಗುರುಗಳು ದಿನಾ ಕಣ್ಣೆದುರು ಇರುವ ಶಾಲೆಗೆ ಮಾಡಿದ ನಿಯಮ ಅದು. ಮನೆಯಲ್ಲಿ ಒಬ್ಬರೇ ಮಾಡುವವರು ವರ್ಷಗಟ್ಟಲೆ ಅಲ್ಲೇ ನಿಂತು, ಬೇಸತ್ತು, ಎಲ್ಲವನ್ನೂ ಬಿಡುವುದಕ್ಕಿಂತ, ಕೈ ಸಿಗದ ಕಡೆ ಒಂದು ಟವಲ್ ಹಿಡಿದು, ಅರ್ಧಪದ್ಮದ ಬದಲು ಕಾಲನ್ನು ನೆಲದ ಮೇಲಿಟ್ಟು, ಮುಂದೆ ಹೋಗುವುದು ಲೇಸು. ಉಪವಿಷ್ಟಕೋನಾಸನ, ಬದ್ಧಕೋನಾಸನ ಅದರ ಆಚೆ ಇವೆ, ಸೊಂಟ ಬಿಡಿಸುವುದಕ್ಕೆ ಅವು ಬೇಕೇ ಬೇಕು.

ಇನ್ನು ನಡುವೆ ಬಿಟ್ಟುಹೋಗುವುದು. ಮದುವೆ ಸೀಸನ್ನು, ಮಕ್ಕಳ ಪರೀಕ್ಷೆ, ಜ್ವರ, ಮನೆಯಲ್ಲೊಂದು ಸಾವು. ಯಾರಿಗೂ ತಪ್ಪಿದ್ದಲ್ಲ. ಪತಂಜಲಿ ಅಭ್ಯಾಸಕ್ಕೆ ಮೂರು ಷರತ್ತು ಹೇಳುತ್ತಾರೆ: ದೀರ್ಘಕಾಲ, ನಡುವೆ ಬಿಡದೆ, ಆದರದಿಂದ. ನಡುವೆ ಬಿಡದೆ ಅನ್ನುವುದನ್ನೇ ಹಿಡಿದುಕೊಂಡು, ಒಮ್ಮೆ ತಪ್ಪಿದರೆ ಎಲ್ಲ ಹೋಯಿತು ಅಂದುಕೊಳ್ಳುತ್ತೇವೆ. ತಿಂಗಳು ಬಿಟ್ಟು ಮತ್ತೆ ಶುರು ಮಾಡುವಾಗ ಇರುವ ಅಪಾಯ ಬೇರೆ. ತಲೆಗೆ ಎಲ್ಲ ನೆನಪಿರುತ್ತದೆ, ಮೈಗೆ ಅಷ್ಟು ಬಲ ಉಳಿದಿರುವುದಿಲ್ಲ. ಮೊದಲ ದಿನವೇ ಹಳೆಯ ಜಾಗದವರೆಗೆ ಹೋಗಿ ಪೆಟ್ಟು ಮಾಡಿಕೊಳ್ಳುವುದು ಈ ಹೊತ್ತಿನಲ್ಲೇ. ಮೊದಲ ವಾರ ಕನಿಷ್ಠ ಅಳತೆ, ಎರಡನೇ ವಾರ ನಿಂತ ಆಸನಗಳು, ಆಮೇಲೆ ಕೂತವು. ಜ್ವರದಿಂದ ಎದ್ದವರು ಇನ್ನೂ ನಿಧಾನ.

ಮೈ ಭಾರ ಅನ್ನಿಸಿದ ಬೆಳಿಗ್ಗೆ ಒಂದು ಉಪಾಯ ಮಾಡಬಹುದು. ಮೂರು ಸೂರ್ಯನಮಸ್ಕಾರ ಮಾಡಿ ಆಮೇಲೆ ತೀರ್ಮಾನಿಸುವುದು. ಹೆಚ್ಚಿನ ದಿನ ಮೂರರ ಹೊತ್ತಿಗೆ ಮೈ ಬೆಚ್ಚಗಾಗಿ ಮುಂದೆ ಹೋಗುತ್ತದೆ. ಹೋಗದ ದಿನ ಮಲಗಿ ವಿಶ್ರಾಂತಿ ತೆಗೆದುಕೊಂಡು ಏಳಿ, ಅವತ್ತಿನದು ಮುಗಿಯಿತು.

ಗುರುಗಳ ಹತ್ತಿರ

ಎಷ್ಟೇ ಸ್ವಂತ ಅಭ್ಯಾಸ ಆದರೂ ಶುರುವಿನಲ್ಲಿ ಕೆಲವು ವಾರವಾದರೂ ಕಲಿಸಬಲ್ಲವರ ಮುಂದೆ ಮಾಡುವುದು ಒಳ್ಳೆಯದು. ನಮ್ಮ ಬೆನ್ನು ನಮಗೆ ಕಾಣುವುದಿಲ್ಲ. ಮೈಸೂರಿನಲ್ಲಿ, ಬೆಂಗಳೂರಿನಲ್ಲಿ ಕಲಿಸುವವರು ಸಿಗುತ್ತಾರೆ. ಬೇರೆ ಊರಿನವರು ರಜೆಯಲ್ಲಿ ಹದಿನೈದು ದಿನ ಹೋಗಿ ಕಲಿತು ಬರಬಹುದು.

ಗುರುಗಳನ್ನು ಆರಿಸುವಾಗ ಒಂದು ವಿಷಯ ಮುಚ್ಚಿಟ್ಟರೆ ತಪ್ಪಾಗುತ್ತದೆ. ಆಸನ ಸರಿಮಾಡಿಸಲು ಮುಟ್ಟುವ ನೆಪದಲ್ಲಿ ಪಟ್ಟಾಭಿ ಜೋಯಿಸರು ತಮ್ಮೊಂದಿಗೆ ಅನುಚಿತವಾಗಿ ನಡೆದುಕೊಂಡರು ಅಂತ ಅವರ ಹಲವು ಶಿಷ್ಯೆಯರು ಬಹಿರಂಗವಾಗಿ ಹೇಳಿದ್ದಾರೆ. 2019ರಲ್ಲಿ ಶರತ್ ಜೋಯಿಸ್ ಈ ಬಗ್ಗೆ ಸಾರ್ವಜನಿಕವಾಗಿ ನೋವು ತೋಡಿಕೊಂಡರು. ಪದ್ಧತಿ ಚೆನ್ನಾಗಿದೆ ಅನ್ನುವುದು ಈ ಮಾತನ್ನು ಬದಿಗೆ ಸರಿಸಲು ಕಾರಣವಾಗಬಾರದು. ಈಗ ಎಷ್ಟೋ ಶಾಲೆಗಳಲ್ಲಿ ಮುಟ್ಟುವ ಮೊದಲು ಕೇಳುತ್ತಾರೆ. ಕೇಳದಿದ್ದರೆ ನೀವೇ ಮೊದಲ ದಿನ ಹೇಳಿಬಿಡಿ: ಬಾಯಲ್ಲಿ ಹೇಳಿದರೆ ಸಾಕು, ಮುಟ್ಟುವುದು ಬೇಡ ಅಂತ. ಅದನ್ನು ಅವಮಾನ ಅಂತ ತಿಳಿಯುವವರ ಹತ್ತಿರ ಕಲಿಯಬೇಕಾದ್ದೇನಿಲ್ಲ. ಮೇಲೆ ಕೂತು, ಒತ್ತಿ, ಎಳೆದು ಆಸನ 'ತರಿಸುವವರಿಂದಲೂ' ದೂರ ಇರಿ.

ಆಮೇಲೆ ವರ್ಷಕ್ಕೊಂದೆರಡು ಸಲ ಹೋಗಿ ತೋರಿಸಿಕೊಂಡು ಬಂದರೆ ಸಾಕಾಗುತ್ತದೆ. ಹೋದಾಗ ಮನೆಯಲ್ಲಿ ಹೇಗೆ ಮಾಡುತ್ತೀರೋ ಹಾಗೇ ಮಾಡಿ. ಅವತ್ತೊಂದು ದಿನ ಜಾಸ್ತಿ ಬಾಗಿ, ಜಾಸ್ತಿ ಹಾರಿ ತೋರಿಸಿದರೆ ನಿಮ್ಮ ದಿನನಿತ್ಯದ ತಪ್ಪು ಅವರ ಕಣ್ಣಿಗೆ ಬೀಳುವುದೇ ಇಲ್ಲ.